ಉಂಡೆ (ತಿನಿಸು)

ಹುರಿದ ಧಾನ್ಯ, ಬೇಳೆ ಅಥವಾ ಎಣ್ಣೆಕಾಳುಗಳನ್ನು ಬೆಲ್ಲದೊಂದಿಗೆ ಬೆರೆಸಿ, ಅಂಗೈಯಲ್ಲಿ ಗುಂಡಗೆ ಕಟ್ಟಿದ ಸಿಹಿ ತಿನಿಸನ್ನು ಉಂಡೆ ಎನ್ನುತ್ತಾರೆ. ತಂಬಿಟ್ಟು, ಚಿಗಳಿ, ಎಳ್ಳುಂಡೆ, ಶೇಂಗಾ ಉಂಡೆ, ರಾಗಿ ಹುರಿಹಿಟ್ಟಿನ ಉಂಡೆ, ಖರ್ಜೂರದ ಉಂಡೆ ಮೊದಲಾದವು ಇದರ ಬಗೆಗಳು. ಉಂಡೆಯನ್ನು ಕಟ್ಟಿದ ಮೇಲೆ ಬೇಯಿಸುವ, ಕರಿಯುವ ಅಥವಾ ಓವನ್‌ನಲ್ಲಿಡುವ ಅಗತ್ಯವಿಲ್ಲ. ಹಲವು ದಿನ ಕೆಡದೆ ಉಳಿಯುವುದರಿಂದಲೂ ಕೈಗೆ ಅಂಟದೆ ತಿನ್ನಲು ಬರುವುದರಿಂದಲೂ ಹಬ್ಬದ ಈ ತಿನಿಸು ಶಾಲಾ ಮಕ್ಕಳ ಬುತ್ತಿಯಲ್ಲಿ ಬಿಸ್ಕತ್ತಿಗೆ ಬದಲಿಯಾಗಿಯೂ ಬಳಕೆಯಲ್ಲಿದೆ.

ಹೆಸರು ಮತ್ತು ಪ್ರಾದೇಶಿಕ ರೂಪಗಳು

ಉತ್ತರ ಕರ್ನಾಟಕದಲ್ಲಿ ಇದನ್ನು ‘ಉಂಡಿ’ ಎನ್ನುತ್ತಾರೆ. ಶ್ರಾವಣ ಮಾಸದ ನಾಗರ ಪಂಚಮಿಯಂದು ಆ ಭಾಗದ ಮನೆಗಳಲ್ಲಿ ಜೋಳದ ಅರಳಿನ ಜೊತೆಗೆ ಶೇಂಗಾ, ಎಳ್ಳು, ಪುಟಾಣಿ, ರವೆ ಮೊದಲಾದವುಗಳ ಉಂಡಿ ಕಟ್ಟುವ ವಾಡಿಕೆಯಿದೆ. ಹಬ್ಬದ ದಿನ ಒಲೆಯ ಮೇಲೆ ಹೆಂಚು ಇಡಬಾರದು, ಎಣ್ಣೆಯಲ್ಲಿ ಕರಿಯಬಾರದು ಎಂಬ ನಂಬಿಕೆ ಹಲವು ಮನೆತನಗಳಲ್ಲಿ ಇರುವುದರಿಂದ ಉಂಡಿಗಳು ಮೊದಲೇ ಸಿದ್ಧವಾಗಿರುತ್ತವೆ. ಹಳೆಯ ಮೈಸೂರು ಭಾಗದಲ್ಲಿ ಅದೇ ಹಬ್ಬಕ್ಕೆ ಚಿಗಳಿ ಮತ್ತು ತಂಬಿಟ್ಟನ್ನು ಮಾಡುತ್ತಾರೆ. ಗ್ರಾಮದೇವತೆಗಳ ಜಾತ್ರೆಯಲ್ಲಿ ಬೆಳಗುವ ತಂಬಿಟ್ಟಿನ ಆರತಿಯೂ ಇದೇ ಹಿಟ್ಟಿನದು.

ಪದಾರ್ಥಗಳ ಹೆಸರುಗಳು ಊರಿಂದೂರಿಗೆ ಬದಲಾಗುತ್ತವೆ. ಮೈಸೂರು ಕಡೆಯ ಕಡಲೆಪಪ್ಪು ಅಥವಾ ಹುರಿಗಡಲೆಯೇ ಧಾರವಾಡದ ಪುಟಾಣಿ. ಕಡಲೆಕಾಯಿ ಬೀಜವೇ ಶೇಂಗಾ. ಈ ವ್ಯತ್ಯಾಸ ಬರಿಯ ಮಾತಿನದಲ್ಲ. ಅಂಗಡಿಯಲ್ಲಿ ‘ಕಡಲೆ ಹಿಟ್ಟು’ ಎಂದು ಕೇಳಿದರೆ ಸಿಗುವುದು ಹಸಿ ಕಡಲೆಬೇಳೆಯ ಹಿಟ್ಟು. ಬಜ್ಜಿ, ಬೋಂಡಗಳಿಗೆ ಬಳಸುವ ಆ ಹಿಟ್ಟನ್ನು ಹುರಿಯದೆ ತಂಬಿಟ್ಟಿಗೆ ಹಾಕುವಂತಿಲ್ಲ. ತಂಬಿಟ್ಟಿಗೆ ಬೇಕಾದದ್ದು ಹುರಿಗಡಲೆಯ ಹಿಟ್ಟು.

ಬೇಯಿಸದೆ ತಿನ್ನಲು ಬರುವ ಕಾರಣ

ಉಂಡೆಯನ್ನು ಬೇಯಿಸುವುದಿಲ್ಲ ಎಂದರೆ ಅದರ ಪದಾರ್ಥಗಳು ಹಸಿಯಾಗಿವೆ ಎಂದರ್ಥವಲ್ಲ. ಅವು ಉಂಡೆಯಾಗುವ ಮೊದಲೇ ಒಣ ಬಿಸಿಯಲ್ಲಿ ಬೆಂದಿರುತ್ತವೆ. ಕಡಲೆಯನ್ನು ಕಾದ ಮರಳಿನಲ್ಲಿ ಹುರಿದು, ಸಿಪ್ಪೆ ಬಿಡಿಸಿದಾಗ ಹುರಿಗಡಲೆಯಾಗುತ್ತದೆ. ಮಂಡಕ್ಕಿಯೂ ಕಾದ ಮರಳಿನಲ್ಲಿಯೇ ಅರಳಿದ್ದು. ಭತ್ತವನ್ನು ನೆನೆಸಿ, ಹುರಿದು, ಚಪ್ಪಟೆಯಾಗಿಸಿದ್ದು ಅವಲಕ್ಕಿ. ಶೇಂಗಾ, ಎಳ್ಳು, ರಾಗಿ ಹಿಟ್ಟುಗಳನ್ನು ಮನೆಯ ಬಾಣಲೆಯಲ್ಲಿಯೇ ಹುರಿಯಲಾಗುತ್ತದೆ. ಹುರಿಯುವುದರಿಂದ ಘಮ ಬರುತ್ತದೆ, ತೇವ ಹೋಗುತ್ತದೆ, ಪಿಷ್ಟ ಮತ್ತು ಬೇಳೆಯ ಹಸಿವಾಸನೆ ಇಳಿಯುತ್ತದೆ, ಸೂಕ್ಷ್ಮಾಣುಗಳೂ ಕಡಿಮೆಯಾಗುತ್ತವೆ. ಗೋಧಿ ಹಿಟ್ಟು, ಮೈದಾಗಳಲ್ಲಿ ಸಾಲ್ಮೊನೆಲ್ಲಾದಂತಹ ರೋಗಾಣುಗಳು ಇರುವ ಸಾಧ್ಯತೆಯಿದೆ. ಆದ್ದರಿಂದ ‘ಒಲೆಯೇ ಬೇಡದ ತಿಂಡಿ’ ಎಂಬ ಹೆಸರಿನಲ್ಲಿ ಹಸಿ ಹಿಟ್ಟನ್ನು ನೇರವಾಗಿ ಬೆಲ್ಲಕ್ಕೆ ಕಲಸಿ ಮಕ್ಕಳಿಗೆ ಕೊಡುವುದು ಸುರಕ್ಷಿತವಲ್ಲ.

ನೆನೆಸಿದ ಅಕ್ಕಿಯನ್ನು ಕುಟ್ಟಿ ಬೆಲ್ಲ ಬೆರೆಸುವ ಹಸಿ ತಂಬಿಟ್ಟು ನಾಗರಪೂಜೆಯ ನೈವೇದ್ಯಕ್ಕೆ ಸಲ್ಲುತ್ತದೆ. ಅದರಲ್ಲಿ ತೇವ ಹೆಚ್ಚು. ಪ್ರಸಾದವಾಗಿ ಆಗಲೇ ತಿಂದು ಮುಗಿಸುವ ಈ ತಿನಿಸು ಬುತ್ತಿಯಲ್ಲಿ ಮಧ್ಯಾಹ್ನದವರೆಗೆ ಇರಿಸಲು ತಕ್ಕುದಲ್ಲ.

ಕಟ್ಟುವ ವಿಧಾನಗಳು

ಪುಡಿಯನ್ನು ಉಂಡೆಯಾಗಿ ಹಿಡಿದಿಡುವ ಕ್ರಮಗಳು ಮುಖ್ಯವಾಗಿ ಮೂರು.

ಮೊದಲನೆಯದು ಬೆಲ್ಲದ ಪಾಕ. ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ, ಕಸ ಮರಳುಗಳನ್ನು ಸೋಸಿ, ಮತ್ತೆ ಕುದಿಸಲಾಗುತ್ತದೆ. ಹಿಟ್ಟಿನ ಉಂಡೆಗೆ ಬೆರಳುಗಳ ನಡುವೆ ಎಳೆ ಬರುವ ಪಾಕ ಸಾಕು. ಇಡೀ ಶೇಂಗಾ ಅಥವಾ ಮಂಡಕ್ಕಿ ಉಂಡೆಗೆ ಇನ್ನೂ ಗಟ್ಟಿ ಪಾಕ ಬೇಕು. ಅದರ ಒಂದು ಹನಿಯನ್ನು ನೀರಿಗೆ ಬಿಟ್ಟರೆ ಕರಗದೆ ಉಂಡೆಯಾಗಿ ನಿಲ್ಲಬೇಕು. ಪಾಕ ಮಿತಿ ಮೀರಿದರೆ ಉಂಡೆ ಕಲ್ಲಾಗುತ್ತದೆ, ಕಡಿಮೆಯಾದರೆ ಉದುರುತ್ತದೆ. ಈ ತಿನಿಸಿನಲ್ಲಿ ಪಳಗಿದ ಕೈ ಬೇಕಾಗುವುದು ಇಲ್ಲಿ ಮಾತ್ರ.

ಎರಡನೆಯದು ಕುಟ್ಟುವುದು. ಚಿಗಳಿಯಲ್ಲಿ ಹುರಿದ ಎಳ್ಳನ್ನೂ ಬೆಲ್ಲವನ್ನೂ ಒಟ್ಟಿಗೆ ಒರಳಲ್ಲಿ ಕುಟ್ಟುತ್ತಾರೆ. ಎಳ್ಳಿನ ತೂಕದ ಸುಮಾರು ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಅದು ಹೊರಬಂದು ಬೆಲ್ಲದ ತೇವದೊಂದಿಗೆ ಸೇರಿ ಹದವಾದ ಮುದ್ದೆಯಾಗುತ್ತದೆ. ಪಾಕವೂ ಬೇಡ, ತುಪ್ಪವೂ ಬೇಡ. ಮಿಕ್ಸಿಯಲ್ಲಿ ಮಾಡುವವರು ಸ್ವಲ್ಪ ಸ್ವಲ್ಪ ತಿರುಗಿಸಿ ನಿಲ್ಲಿಸುತ್ತಾರೆ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಜಿಡ್ಡಾಗುತ್ತದೆ. ಹುರಿದ ಶೇಂಗಾವನ್ನೂ ಹೀಗೆಯೇ ಕಟ್ಟಬಹುದು. ಹಿರಿಯರೊಬ್ಬರು ಎಳ್ಳು ಶೇಂಗಾ ಹುರಿದುಕೊಟ್ಟರೆ ಮುಂದಿನ ಕೆಲಸವನ್ನು ಮಕ್ಕಳೂ ಮಾಡಬಲ್ಲರು.

ಮೂರನೆಯದು ಬೀಜ ತೆಗೆದ ಖರ್ಜೂರ ಅಥವಾ ಒಣದ್ರಾಕ್ಷಿಯನ್ನು ಅರೆದು ಅಂಟಾಗಿ ಬಳಸುವುದು. ಬೇಗನೆ ಆಗುವ ಈ ಕ್ರಮ ಈಚಿನ ಬಳಕೆ.

ಒಂದು ಸಾಮಾನ್ಯ ಅಳತೆ

ಹುರಿಗಡಲೆ ಹಿಟ್ಟು 200 ಗ್ರಾಂ, ಹುರಿದು ತರಿಯಾಗಿ ಪುಡಿಮಾಡಿದ ಶೇಂಗಾ 100 ಗ್ರಾಂ, ಹುರಿದ ಎಳ್ಳಿನ ಪುಡಿ 50 ಗ್ರಾಂ, ತುರಿದ ಒಣಕೊಬ್ಬರಿ 50 ಗ್ರಾಂ, ಬೆಲ್ಲ 200 ಗ್ರಾಂ, ಸ್ವಲ್ಪ ಏಲಕ್ಕಿ. ಬೆಲ್ಲದ ಎಳೆಪಾಕಕ್ಕೆ ಇವನ್ನೆಲ್ಲ ಸೇರಿಸಿ ಕಲಸಿ, ಬೆಚ್ಚಗಿರುವಾಗಲೇ ಕಟ್ಟಿದರೆ ತಲಾ ಸುಮಾರು 30 ಗ್ರಾಂ ತೂಕದ 20 ಉಂಡೆಗಳಾಗುತ್ತವೆ. ಮಿಶ್ರಣ ಆರಿ ಬಿರುಸಾದರೆ ಒಂದು ಚಮಚ ಬಿಸಿ ತುಪ್ಪ ಹಾಕಿ ಕಲಸಿಕೊಳ್ಳಬಹುದು. ಹಾಲು ಚಿಮುಕಿಸಿ ಕಟ್ಟುವ ರೂಢಿಯೂ ಇದೆ, ಆದರೆ ಆಗ ಉಂಡೆಯ ಬಾಳಿಕೆ ಒಂದೆರಡು ದಿನಕ್ಕೆ ಇಳಿಯುತ್ತದೆ.

ಪೋಷಕಾಂಶ

ಮೇಲಿನ ಅಳತೆಯ ಒಂದು ಉಂಡೆಯಲ್ಲಿ ಸುಮಾರು 4 ಗ್ರಾಂ ಪ್ರೋಟೀನ್ ಇರುತ್ತದೆ. ಬೇಳೆ ಮತ್ತು ಎಳ್ಳಿನ ಪ್ರೋಟೀನುಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ: ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೊನಿನ್ ಎಳ್ಳಿನಲ್ಲಿದೆ, ಎಳ್ಳಿನಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿದೆ. ರಾಗಿ ಹುರಿಹಿಟ್ಟನ್ನು ಬಳಸಿದರೆ ಕ್ಯಾಲ್ಸಿಯಂ ಹೆಚ್ಚುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಎಳ್ಳಿನ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲಿರುವುದರಿಂದ ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅದು ಬಹಳ ಕಡಿಮೆ. ಇಡಿ ಎಳ್ಳು ಅಗಿಯದೆ ಹೊಟ್ಟೆ ಸೇರಿದರೆ ಜೀರ್ಣವಾಗದೆ ಹೊರಹೋಗುವುದುಂಟು. ಕುಟ್ಟಿ ಹಾಕುವುದು ಮೇಲು.

ಕಬ್ಬಿಣಾಂಶದ ವಿಷಯದಲ್ಲಿ ಉಂಡೆಗೆ ಇರುವ ಹೆಸರು ಅರ್ಹತೆಗಿಂತ ದೊಡ್ಡದು. ಕಾಳುಗಳಲ್ಲಿ ಕಬ್ಬಿಣವಿದ್ದರೂ ಅವುಗಳಲ್ಲಿನ ಫೈಟೇಟ್ ಅದನ್ನು ದೇಹ ಹೀರಿಕೊಳ್ಳದಂತೆ ಹಿಡಿದಿಡುತ್ತದೆ. ವಿಟಮಿನ್ ಸಿ ಇರುವ ಹಣ್ಣಿನ ಜೊತೆ ತಿಂದರೆ ಹೀರಿಕೆ ಹೆಚ್ಚುತ್ತದೆ. ಡಬ್ಬಿಯಲ್ಲಿ ಉಂಡೆಯ ಪಕ್ಕದಲ್ಲಿ ಸೀಬೆಹಣ್ಣಿನ ಎರಡು ಹೋಳು, ಕಿತ್ತಳೆಯ ತೊಳೆ ಅಥವಾ ನೆಲ್ಲಿಕಾಯಿಯ ಚೂರು ಇಡುವುದರಿಂದ ಈ ಪ್ರಯೋಜನ ಸಿಗುತ್ತದೆ. ಹಣ್ಣಿನ ತೇವ ಉಂಡೆಗೆ ತಾಗದಂತೆ ಬೇರೆ ಖಾನೆ ಬೇಕು.

ಬೆಲ್ಲದ ಲೆಕ್ಕವನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಉಳಿದಿರುತ್ತದೆಯಾದರೂ ಅದರ ಬಹುಭಾಗ ಸಕ್ಕರೆಯೇ. ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಮಾರ್ಗಸೂಚಿ. ದಿನಕ್ಕೆ 1,400 ಕಿಲೋಕ್ಯಾಲೊರಿ ಬೇಕಾಗುವ ಮಗುವಿಗೆ ಶೇ. 5 ಎಂದರೆ 17.5 ಗ್ರಾಂ. ಒಂದು ಉಂಡೆಯಲ್ಲಿ ಸುಮಾರು 10 ಗ್ರಾಂ ಬೆಲ್ಲವಿರುವುದರಿಂದ ಆ ಮಿತಿಯ ಅರ್ಧದಷ್ಟು ಅದೊಂದರಲ್ಲೇ ಮುಗಿಯುತ್ತದೆ. ಹೀಗಾಗಿ ಬುತ್ತಿಗೆ ಒಂದೇ ಉಂಡೆ ಸಾಕು. ಎರಡು ಬೇಕೆನ್ನುವ ಮಗುವಿಗೆ ಅರ್ಧ ಗಾತ್ರದ ಎರಡನ್ನು ಕಟ್ಟುವುದು ಸುಲಭದ ಉಪಾಯ. ಸಕ್ಕರೆಯ ಬದಲು ಬೆಲ್ಲ ಹಾಕಿದ ಮಾತ್ರಕ್ಕೆ ತಿನಿಸು ‘ಸಕ್ಕರೆರಹಿತ’ವಾಗುವುದಿಲ್ಲ. ಖರ್ಜೂರದಲ್ಲಿ ನಾರು ಇದ್ದರೂ ಅದರ ಸಿಹಿಯೂ ಸಕ್ಕರೆಯಿಂದಲೇ ಬಂದದ್ದು, ಮತ್ತು ಅದು ಹಲ್ಲಿಗೆ ಅಂಟಿಕೊಳ್ಳುತ್ತದೆ. ತಿಂದ ನಂತರ ಬಾಯಿ ಮುಕ್ಕಳಿಸುವುದು ಅಗತ್ಯ.

ಬಾಳಿಕೆ

ಉಂಡೆ ಕೆಡದಿರುವುದಕ್ಕೆ ಮುಖ್ಯ ಕಾರಣ ಅದರ ಶುಷ್ಕತೆ. ಹುರಿದ ಹಿಟ್ಟಿನಲ್ಲಿ ನೀರು ಕಡಿಮೆ, ಇರುವ ಅಲ್ಪ ನೀರನ್ನೂ ಬೆಲ್ಲ ಹಿಡಿದಿಡುತ್ತದೆ. ಸೂಕ್ಷ್ಮಾಣುಗಳಿಗೆ ಬೆಳೆಯಲು ಆಸ್ಪದ ಸಿಗದು. ಈ ಕಾರಣಕ್ಕೇ ಹಸಿ ತೆಂಗಿನ ತುರಿಯ ಬದಲು ಒಣಕೊಬ್ಬರಿಯನ್ನು ಬಳಸುತ್ತಾರೆ. ಹಸಿ ತೆಂಗು, ಹಾಲು, ಬಾಳೆಹಣ್ಣು ಸೇರಿದ ಉಂಡೆ ಬೇಸಿಗೆಯ ಒಂದು ಮಧ್ಯಾಹ್ನದಲ್ಲಿಯೇ ಹಳಸಬಹುದು. ಬಿಸಿ ಉಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಆವಿ ನೀರಾಗಿ ಇಳಿದು ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರಿದ ಉಂಡೆ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ವಾರ ಚೆನ್ನಾಗಿರುತ್ತದೆ. ಆ ಮೇಲೆ ಶೇಂಗಾ ಮತ್ತು ಕೊಬ್ಬರಿಯ ಎಣ್ಣೆ ಕಮಟು ವಾಸನೆ ಕೊಡತೊಡಗುತ್ತದೆ.

ಶಾಲೆಗಳಲ್ಲಿ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳು ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ಆಹಾರವನ್ನು ಶಾಲೆಯ ಆವರಣದಲ್ಲಿಯೂ ಅದರ ಸುತ್ತಲಿನ 50 ಮೀಟರ್ ವ್ಯಾಪ್ತಿಯಲ್ಲಿಯೂ ಮಕ್ಕಳಿಗೆ ಮಾರುವುದನ್ನು ನಿರ್ಬಂಧಿಸುತ್ತವೆ. ಮನೆಯಿಂದ ತರುವ ಬುತ್ತಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಉಂಡೆಯ ಸಮೀಪದ ಬಂಧುವಾದ ಶೇಂಗಾ ಚಿಕ್ಕಿಯನ್ನು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣಿನಂತೆಯೇ ಪರ್ಯಾಯವಾಗಿ ಕೊಟ್ಟದ್ದುಂಟು.

ಎಚ್ಚರಿಕೆಗಳು

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಬಾದಾಮಿ, ಗೋಡಂಬಿ ಇರುವ ಉಂಡೆಯನ್ನು ಕೊಡಬಾರದು. ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಅಂಗನವಾಡಿ ಮತ್ತು ಎಲ್‌ಕೆಜಿ ಮಕ್ಕಳ ಡಬ್ಬಿಗೆ ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಮೆತ್ತಗಿನ ಉಂಡೆಯನ್ನು ಚಪ್ಪಟೆಯಾಗಿ ತಟ್ಟಿ ಇಡುವುದು ಲೇಸು. ಒಣ ಹಿಟ್ಟು ಗಂಟಲಿಗೆ ಹಿಡಿಯುವುದರಿಂದ ಕುಳಿತು ತಿನ್ನಬೇಕು, ಜೊತೆಗೆ ನೀರಿರಬೇಕು. ಬೆಲ್ಲದ ಬದಲು ಜೇನುತುಪ್ಪ ಬಳಸಿದ ಉಂಡೆಯನ್ನು, ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ, ಅದಕ್ಕೆ ಚೂರೂ ಕೊಡಬಾರದು. ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಬೊಟುಲಿಸಂ ಎಂಬ ಮಾರಕ ರೋಗ ಬರಬಹುದು.

ಬೂಷ್ಟು ಹಿಡಿದ, ಮುರುಟಿದ ಅಥವಾ ಬಣ್ಣಗೆಟ್ಟ ಶೇಂಗಾ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಮನೆಯಲ್ಲಿ ಹುರಿದರೂ ಅದು ಪೂರ್ಣ ನಾಶವಾಗದು, ಆದ್ದರಿಂದ ಅಂಥ ಬೀಜಗಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಬೇಕು. ಶೇಂಗಾ ಮತ್ತು ಎಳ್ಳು ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡುತ್ತವೆ. ಮಕ್ಕಳು ಬುತ್ತಿಯನ್ನು ಹಂಚಿಕೊಂಡು ತಿನ್ನುವವರಾದ್ದರಿಂದ ತರಗತಿಯಲ್ಲಿ ಅಲರ್ಜಿಯಿರುವ ಮಗುವಿದ್ದರೆ ಶಿಕ್ಷಕರಿಗೂ ಉಳಿದ ಪೋಷಕರಿಗೂ ಅದು ತಿಳಿದಿರಬೇಕು. ಅಂತಹ ಕಡೆ ಶೇಂಗಾ, ಎಳ್ಳು ಎರಡನ್ನೂ ಬಿಟ್ಟು ಹುರಿಗಡಲೆ, ಅವಲಕ್ಕಿ ಪುಡಿ ಮತ್ತು ಕೊಬ್ಬರಿಯಿಂದಲೇ ತಂಬಿಟ್ಟು ಕಟ್ಟಬಹುದು. ಎಣ್ಣೆಕಾಳುಗಳಿಲ್ಲದ ಕಾರಣ ಇದಕ್ಕೆ ತುಪ್ಪ ತುಸು ಹೆಚ್ಚು ಬೇಕಾಗುತ್ತದೆ.