ಯಾರ್ಕ್ ದಿಬ್ಬದ ಹಳದಿ ಹೂಗಳು

ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ಹೋದವರು ತಪ್ಪದೆ ನೋಡುವುದು ಮೂರನ್ನು: ಕೋಟೆಗೋಡೆ, ಮಿನ್‌ಸ್ಟರ್ ಎಂಬ ಬೃಹತ್ ಚರ್ಚು, ಮಾಳಿಗೆಗಳು ಎದುರುಬದುರು ಬಾಗಿಕೊಂಡಿರುವ ಶಾಂಬಲ್ಸ್ ಓಣಿ. ಗೆಳೆಯನ ಜೊತೆ ನಾನೂ ಅವನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿದೆ. ಆಮೇಲೆ ಕಂಡದ್ದು ಒಂದು ಹಸಿರು ದಿಬ್ಬ. ಮಾರ್ಚ್ ತಿಂಗಳ ಕೊನೆಯಾದ್ದರಿಂದ ಅದರ ಮೈತುಂಬ ಹಳದಿ ಡ್ಯಾಫೊಡಿಲ್ ಹೂಗಳು. ತುದಿಯಲ್ಲಿ ಕ್ಲಿಫರ್ಡ್ಸ್ ಟವರ್ ಎಂಬ ಕಲ್ಲಿನ ಬುರುಜು. ಗೆಳೆಯ ಕ್ಯಾಮೆರಾ ತೆಗೆದ. ದಿಬ್ಬದ ಬುಡದಲ್ಲಿ 1978ರಲ್ಲಿ ಇಟ್ಟ ಫಲಕವನ್ನು ಓದಿದ ಮೇಲೆ ಕ್ಯಾಮೆರಾ ಚೀಲ ಸೇರಿತು.

1190ರ ಮಾರ್ಚ್ 16. ಆಗ ಇಲ್ಲಿದ್ದದ್ದು ಮರದ ಬುರುಜು. ಉದ್ರಿಕ್ತ ಗುಂಪಿಗೆ ಹೆದರಿ ಯಾರ್ಕಿನ ಯೆಹೂದಿಗಳು, ಸುಮಾರು 150 ಮಂದಿ, ಹೆಂಡತಿ ಮಕ್ಕಳ ಸಮೇತ ಇದರೊಳಗೆ ಸೇರಿಕೊಂಡಿದ್ದರು. ಕೋಟೆ ರಾಜನದು, ಅವರು ರಾಜನ ರಕ್ಷಣೆಯಲ್ಲಿದ್ದವರು. ಆದರೆ ರಾಜ ಮೊದಲನೇ ರಿಚರ್ಡ್ ಧರ್ಮಯುದ್ಧಕ್ಕೆಂದು ದೇಶ ಬಿಟ್ಟಿದ್ದ. ಗುಂಪು ಸುತ್ತುವರಿದಾಗ, ಮತಾಂತರಕ್ಕೆ ಒಪ್ಪದ ಬಹುಪಾಲು ಜನ ಒಬ್ಬರನ್ನೊಬ್ಬರು ಕೊಂದುಕೊಂಡರು. ಬುರುಜಿಗೆ ಬೆಂಕಿ ಬಿತ್ತು. ಜೀವ ಉಳಿಸುವ ಮಾತನ್ನು ನಂಬಿ ಹೊರಬಂದವರನ್ನೂ ಗುಂಪು ಕಡಿದು ಹಾಕಿತು.

ಧರ್ಮದ್ವೇಷವೇ ಇದಕ್ಕೆಲ್ಲ ಕಾರಣ ಎಂದುಬಿಡಬಹುದು. ಆದರೆ ಗುಂಪು ಆಮೇಲೆ ಹೋದದ್ದು ಎಲ್ಲಿಗೆ? ಮಿನ್‌ಸ್ಟರಿಗೆ. ಸಾಲಪತ್ರಗಳನ್ನು ಜೋಪಾನವಾಗಿ ಇಟ್ಟಿದ್ದು ಅಲ್ಲಿ. ಅವನ್ನು ಚರ್ಚಿನೊಳಗೇ ಸುಟ್ಟರು. ಬಡ್ಡಿ ವ್ಯವಹಾರ ಕ್ರೈಸ್ತರಿಗೆ ನಿಷಿದ್ಧ. ಯೆಹೂದಿಗಳಿಗೆ ಉಳಿದ ಕಸುಬುಗಳು ಹೆಚ್ಚುಕಡಿಮೆ ಮುಚ್ಚಿದ್ದವು. ಅವರು ಸಾಲ ಕೊಡುತ್ತಿದ್ದರು, ರಾಜ ಅವರಿಂದ ತೆರಿಗೆ ಹಿಂಡುತ್ತಿದ್ದ. ಗುಂಪಿಗೆ ಕುಮ್ಮಕ್ಕು ಕೊಟ್ಟ ರಿಚರ್ಡ್ ಮಲೆಬಿಸ್ ಎಂಬ ಜಮೀನುದಾರ ಸ್ವತಃ ಸಾಲಗಾರ. ಪತ್ರ ಸುಟ್ಟರೆ ರಾಜನಿಗೂ ನಷ್ಟವಲ್ಲವೆ? ಹಾಗಾಗಿ 1194ರಲ್ಲಿ ಹೊಸ ಏರ್ಪಾಡು ಬಂತು: ಪ್ರತಿ ಸಾಲಪತ್ರಕ್ಕೂ ಒಂದು ಪ್ರತಿ ಇರಬೇಕು, ಅದು ನಗರದ ಅಧಿಕೃತ ಪೆಟ್ಟಿಗೆಯಲ್ಲಿ ಭದ್ರವಾಗಿರಬೇಕು. ಮನುಷ್ಯರಿಗಿಂತ ಕಾಗದಕ್ಕೆ ಹೆಚ್ಚು ಕಾವಲು ಸಿಕ್ಕಿತು.

ಮರುದಿನ ರೈಲು ಹಿಡಿದು ಲಿಂಕನ್‌ಗೆ ಹೋದೆವು. ಇಲ್ಲಿನ ಕೋಟೆಯಲ್ಲಿ 1215ರ ಮ್ಯಾಗ್ನ ಕಾರ್ಟದ ಪ್ರತಿಯೊಂದಿದೆ. ಉಳಿದಿರುವ ನಾಲ್ಕರಲ್ಲಿ ಅದು ಒಂದು. ಸ್ವಾತಂತ್ರ್ಯದ ಸನ್ನದು ಎಂದು ನಾವು ಶಾಲೆಯಲ್ಲಿ ಕಲಿತ ಆ ಕಾಗದದಲ್ಲೂ ಯೆಹೂದಿಗಳ ಸಾಲ, ಬಡ್ಡಿಯ ಬಗ್ಗೆ ಕಲಮುಗಳಿವೆ.

ಪಕ್ಕದ ಚರ್ಚು ಇಬ್ಬರು ಹ್ಯೂಗಳ ಮನೆ. ಮೊದಲನೆಯವನು ಬಿಷಪ್ ಹ್ಯೂ. 1190ರ ಆ ಗಲಭೆಯ ದಿನಗಳಲ್ಲಿ ಇವನು ಗುಂಪಿಗೆ ಎದುರು ನಿಂತು ಯೆಹೂದಿಗಳನ್ನು ಕಾಪಾಡಿದ. 1200ರಲ್ಲಿ ತೀರಿಕೊಂಡಾಗ ಶವಯಾತ್ರೆಯಲ್ಲಿ ಅವರೂ ಅತ್ತರಂತೆ. ಎರಡನೆಯವನು ಪುಟ್ಟ ಹುಡುಗ. 1255ರಲ್ಲಿ ಅವನ ಶವ ಬಾವಿಯಲ್ಲಿ ಸಿಕ್ಕಿತು. ಯೆಹೂದಿಗಳು ಬಲಿ ಕೊಟ್ಟರೆಂಬ ಕಟ್ಟುಕತೆ ಹಬ್ಬಿತು, ರಾಜ ಮೂರನೇ ಹೆನ್ರಿಯೇ ಅದನ್ನು ನಂಬಿದ. 19 ಜನರನ್ನು ಕೊಲ್ಲಿಸಿದ. ಹುಡುಗ ಸಂತನಂತೆ ಪೂಜೆಗೊಂಡ. 1290ರಲ್ಲಿ ಮೊದಲನೇ ಎಡ್ವರ್ಡ್ ಯೆಹೂದಿಗಳನ್ನೆಲ್ಲ ದೇಶದಿಂದಲೇ ಹೊರಹಾಕಿದ. ಅವರಿಗೆ ಮತ್ತೆ ಬಾಗಿಲು ತೆರೆದದ್ದು ಕ್ರಾಮ್ವೆಲ್ ಕಾಲದಲ್ಲಿ, 1656ರಲ್ಲಿ.

ಹುಡುಗನ ಗುಡಿಯ ಅವಶೇಷ ಚರ್ಚಿನ ದಕ್ಷಿಣದ ಓಣಿಯಲ್ಲಿದೆ. ಪಕ್ಕದಲ್ಲೊಂದು ಬರಹ: ಈ ಆರೋಪ ಸುಳ್ಳು, ಇದರಿಂದ ನಿರಪರಾಧಿಗಳ ಪ್ರಾಣ ಹೋಯಿತು, ನಮಗೆ ಕ್ಷಮೆ ಇರಲಿ ಎಂಬ ಅರ್ಥದ್ದು. ಸುಳ್ಳಿನ ಗುರುತನ್ನು ಅಳಿಸದೆ ಅದರ ಪಕ್ಕದಲ್ಲೇ ಸತ್ಯವನ್ನು ಬರೆದಿಟ್ಟದ್ದು ನನಗೆ ಸರಿಯೆನಿಸಿತು.

ಚರ್ಚಿನಿಂದ ಕೆಳಗಿಳಿಯುವ ರಸ್ತೆ ಎಷ್ಟು ಕಡಿದೆಂದರೆ ಅದರ ಹೆಸರೇ ಸ್ಟೀಪ್ ಹಿಲ್. ಮಂಡಿ ಹಿಡಿದುಕೊಂಡು ಇಳಿದೆವು. ಇಳಿಜಾರಿನ ಬುಡದಲ್ಲಿ ಹನ್ನೆರಡನೇ ಶತಮಾನದ ಒಂದು ಕಲ್ಲುಮನೆ ಗಟ್ಟಿಯಾಗಿ ನಿಂತಿದೆ. ಊರಿನವರು ಅದನ್ನು ಇಂದಿಗೂ ‘ಜ್ಯೂಸ್ ಹೌಸ್’, ಯೆಹೂದಿಯ ಮನೆ, ಎಂದೇ ಕರೆಯುತ್ತಾರೆ. ಗೆಳೆಯ ಕ್ಯಾಮೆರಾ ಹೊರತೆಗೆದು, ಅದರ ಬಾಗಿಲಿನ ಕಮಾನಿನದೊಂದು ಚಿತ್ರ ತೆಗೆದುಕೊಂಡ.