ದೂರದರ್ಶನದ ರಾಮಾಯಣ, ನಮ್ಮ ರಾಮಾಯಣಗಳು

1987ರ ಜನವರಿ 25, ಭಾನುವಾರ. ಅಂದು ಬೆಳಿಗ್ಗೆ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿ ಆರಂಭವಾಯಿತು. 1988ರ ಜುಲೈ 31ರವರೆಗೆ 78 ಕಂತುಗಳಲ್ಲಿ ನಡೆದ ಈ ಧಾರಾವಾಹಿ ಇಡೀ ದೇಶದ ಭಾನುವಾರದ ದಿನಚರಿಯನ್ನೇ ಬದಲಾಯಿಸಿತು. ಆ ಹೊತ್ತಿಗೆ ಬೀದಿಗಳು ಬರಿದಾಗುತ್ತಿದ್ದವು. ಟೀವಿ ಇಲ್ಲದವರು ಇದ್ದವರ ಮನೆಯಲ್ಲಿ ಬಂದು ಕೂಡುತ್ತಿದ್ದರು. ಪೆಟ್ಟಿಗೆಗೆ ಹೂಮಾಲೆ ಹಾಕಿ, ಊದುಬತ್ತಿ ಹಚ್ಚಿ, ಕೈಮುಗಿದ ಮೇಲೆಯೇ ನೋಡುವವರೂ ಇದ್ದರು.

ನಟರಿಗೂ ದೇವರ ಪಟ್ಟ ದೊರೆಯಿತು. ರಾಮನಾಗಿದ್ದ ಅರುಣ್ ಗೋವಿಲರ ಕಾಲಿಗೆ ಜನ ಎರಗಿದರು. ಸೀತೆಯಾಗಿದ್ದ ದೀಪಿಕಾ ಚಿಖಲಿಯಾ ಹಾಗೂ ರಾವಣನಾಗಿದ್ದ ಅರವಿಂದ ತ್ರಿವೇದಿ ಇಬ್ಬರೂ 1991ರಲ್ಲಿ ಗುಜರಾತಿನಿಂದ ಲೋಕಸಭೆಗೆ ಆರಿಸಿ ಬಂದರು. ಪಟ್ಟಾಭಿಷೇಕದೊಂದಿಗೆ ಕಥೆ ಮುಗಿದಾಗ, ವಾಲ್ಮೀಕಿಯನ್ನು ಕುಲಗುರುವೆಂದು ನಂಬಿದ ಪಂಜಾಬಿನ ಪೌರ ಕಾರ್ಮಿಕರು ಉತ್ತರಕಾಂಡವನ್ನೂ ತೋರಿಸಬೇಕೆಂದು ಮುಷ್ಕರ ಹೂಡಿದರು. ಮುಂದೆ ಲವಕುಶರ ಕಥೆಯೂ ತೆರೆಗೆ ಬಂತು. ಪುರಾಣವೊಂದು ಜನರ ಮಾನದ ಪ್ರಶ್ನೆಯಾದ ಬಗೆ ಇದು.

ಮೂರು ದಶಕಗಳ ತರುವಾಯವೂ ಈ ಮೋಡಿ ಅಳಿಯಲಿಲ್ಲ. ಕೊರೋನಾದಿಂದ ದೇಶವೇ ಬಾಗಿಲು ಮುಚ್ಚಿದ್ದಾಗ, 2020ರ ಮಾರ್ಚ್ 28ರಿಂದ ಧಾರಾವಾಹಿ ಮರುಪ್ರಸಾರವಾಯಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು.

ಆದರೆ ಈ ಜನಪ್ರಿಯತೆಗೆ ಇನ್ನೊಂದು ಮುಖವುಂಟು. ಹಲವು ಬಾಯಲ್ಲಿ ಹಲವು ಬಗೆಯಾಗಿ ಹರಿದುಬಂದ ಕಥೆಗೆ ಒಂದೇ ರೂಪ, ಒಂದೇ ದನಿ ಅಂಟಿಕೊಂಡಿತು. ಇತಿಹಾಸಕಾರರಾದ ರೊಮಿಲಾ ಥಾಪರ್ ಆಗಲೇ ಈ ಆತಂಕವನ್ನು ವ್ಯಕ್ತಪಡಿಸಿದ್ದರು. ಧಾರಾವಾಹಿಯ ಆಧಾರಗ್ರಂಥಗಳ ಪಟ್ಟಿಯಲ್ಲಿ ಕನ್ನಡದ ‘ರಾಮಚಂದ್ರಚರಿತ ಪುರಾಣ’ದ ಹೆಸರೂ ಇತ್ತೆಂಬುದು ನಮಗೆ ಹೆಮ್ಮೆಯ ಸಂಗತಿಯೇ. ಆದರೆ ನಾಗಚಂದ್ರನ ಈ ಜೈನ ಕಾವ್ಯದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ವಾನರರು ಕಪಿಗಳಲ್ಲ, ಕಪಿಧ್ವಜದ ವಿದ್ಯಾಧರರು. ಪಶ್ಚಾತ್ತಾಪದಿಂದ ಬೆಂದ ರಾವಣ ಅಲ್ಲಿ ನಮ್ಮ ಮರುಕಕ್ಕೆ ಪಾತ್ರನಾಗುತ್ತಾನೆ. ಹೆಸರು ಪಟ್ಟಿಗೆ ಸೇರಿತು. ಆ ರಾವಣ ಮಾತ್ರ ತೆರೆಗೆ ಬರಲಿಲ್ಲ.

ತೊರವೆ ರಾಮಾಯಣ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’, ವಾಲಿಯು ರಾಮನನ್ನೇ ಪ್ರಶ್ನೆಗೊಡ್ಡುವ ತಾಳಮದ್ದಲೆ, ಇವೆಲ್ಲ ನಮ್ಮ ಪಾಲಿನ ಆಸ್ತಿ. ಊರಿನಲ್ಲಿರುವ ಮಗುವಿಗೆ ಇವು ಜಾತ್ರೆಯಲ್ಲೋ ಶಾಲೆಯಲ್ಲೋ ಕಿವಿಗೆ ಬಿದ್ದಾವು. ಹೊರನಾಡಿನ ನಮ್ಮ ಮಕ್ಕಳಿಗೆ ಆ ಅವಕಾಶ ಕಡಿಮೆ. ಅವರ ರಾಮ ಹಿಂದಿಯಲ್ಲೇ ಮಾತನಾಡುತ್ತಾನೆ. ಅದು ತಪ್ಪಲ್ಲ. ಆದರೆ ಅವನು ಕನ್ನಡವನ್ನೂ ಆಡಬಲ್ಲನೆಂದು ಅವರಿಗೆ ತಿಳಿಯಬೇಕಾದರೆ ಮನೆಯ ಹಿರಿಯರು ಕಥೆ ಹೇಳಬೇಕು, ನಮ್ಮ ಸಂಘಗಳಲ್ಲಿ ಗಮಕವೂ ತಾಳಮದ್ದಲೆಯೂ ನಡೆಯುತ್ತಿರಬೇಕು. ಆ ಕೆಲಸವನ್ನು ಯಾವ ಪೆಟ್ಟಿಗೆಯೂ ನಮ್ಮ ಪರವಾಗಿ ಮಾಡದು.