ನೋಡುವವರು ಇಟ್ಟ ಹೆಸರು

ರೋಮನ್ ಲಿಪಿಯಲ್ಲಿ ನಾಲ್ಕೇ ಅಕ್ಷರ, ಆದರೂ ಹೇಳಹೊರಟರೆ ನಾಲಿಗೆ ತಡವರಿಸುತ್ತದೆ. ನೊಯಿರ್ ಎನ್ನುವವರಿದ್ದಾರೆ, ನಾಯರ್ ಎಂದು ಸೀದಾ ಕೇರಳಕ್ಕೆ ಕಳಿಸುವವರೂ ಇದ್ದಾರೆ. ಫ್ರೆಂಚರ ಬಾಯಲ್ಲಿ ಅದು ನ್ವಾರ್. ಅರ್ಥ ಕಪ್ಪು, ಅಷ್ಟೇ. ಅಲ್ಲಿ ಹಾಲಿಲ್ಲದ ಕಾಫಿಯೂ ನ್ವಾರ್, ಕರಿಬೆಕ್ಕೂ ನ್ವಾರ್. ಇಂಥ ಸಾಧಾರಣ ಬಣ್ಣದ ಹೆಸರು ಈಗ ಓಟಿಟಿಯಲ್ಲಿ ಒಂದು ಬಗೆಯ ಸಿನಿಮಾದ ಹಣೆಪಟ್ಟಿ. ಮಳೆಯಲ್ಲಿ ನೆಂದ ರಸ್ತೆ, ಹ್ಯಾಟು, ಸಿಗರೇಟಿನ ಹೊಗೆ, ನಂಬಿದವನನ್ನು ಮುಳುಗಿಸುವ ಚೆಲುವೆ: ಇಷ್ಟಿದ್ದರೆ ಸಾಕು, ಪಟ್ಟಿ ಅಂಟುತ್ತದೆ.

ತಮಾಷೆಯೆಂದರೆ, 1940ರ ದಶಕದ ಹಾಲಿವುಡ್‌ನಲ್ಲಿ ಈ ಚಿತ್ರಗಳನ್ನು ತೆಗೆಯುತ್ತಿದ್ದವರು ತಾವು ನ್ವಾರ್ ತೆಗೆಯುತ್ತಿದ್ದೇವೆಂದು ತಿಳಿದಿರಲಿಲ್ಲ. ಅವರ ಪಾಲಿಗೆ ಅವು ಮೆಲೊಡ್ರಾಮಾ, ಇಲ್ಲವೇ ಕ್ರೈಮ್ ಪಿಕ್ಚರ್. ಹೆಸರಿಟ್ಟವರು ನೋಡಿದವರು, ಅದೂ ಸಮುದ್ರದಾಚೆ ಕೂತು. ಜರ್ಮನ್ನರ ಹಿಡಿತದಲ್ಲಿದ್ದ ವರ್ಷಗಳಲ್ಲಿ ಪ್ಯಾರಿಸ್ಸಿಗೆ ಹೊಸ ಅಮೆರಿಕನ್ ಚಿತ್ರಗಳು ಬರುತ್ತಿರಲಿಲ್ಲ. ಯುದ್ಧ ಮುಗಿದು, 1946ರ ಬೇಸಿಗೆಯಲ್ಲಿ ಬಾಕಿಯೆಲ್ಲ ಒಟ್ಟಿಗೇ ಬಂದಿಳಿಯಿತು: 'ದ ಮಾಲ್ಟೀಸ್ ಫಾಲ್ಕನ್', 'ಲಾರಾ', 'ಡಬಲ್ ಇಂಡೆಮ್ನಿಟಿ', 'ಮರ್ಡರ್, ಮೈ ಸ್ವೀಟ್'. ಅಮೆರಿಕದವರು ನಾಲ್ಕೈದು ವರ್ಷ ಅಲ್ಲೊಂದು ಇಲ್ಲೊಂದು ನೋಡಿದ್ದನ್ನು ಪ್ಯಾರಿಸ್ಸಿನವರು ಒಂದೇ ಸಮನೆ ನೋಡಿದರು. ಬಿಡಿಬಿಡಿಯಾಗಿ ನೋಡುವವನಿಗೆ ಕತೆ ಕಾಣುತ್ತದೆ. ಸಾಲಾಗಿ ನೋಡುವವನಿಗೆ ಕತೆಗಳ ಹಿಂದಿನ ಕತ್ತಲು ಕಾಣುತ್ತದೆ. ಆ ಆಗಸ್ಟ್‌ನಲ್ಲಿ ನೀನೊ ಫ್ರಾಂಕ್ ಎಂಬ ವಿಮರ್ಶಕ ಪತ್ರಿಕೆಯೊಂದರಲ್ಲಿ ಇವನ್ನು 'ಫಿಲ್ಮ್ ನ್ವಾರ್' ಎಂದು ಕರೆದ. ಪದ ಕೈಗೆಟುಕುವಂತೆಯೇ ಇತ್ತು: ಹಿಂದಿನ ವರ್ಷವಷ್ಟೇ ಗಲ್ಲಿಮಾರ್ ಪ್ರಕಾಶನ 'ಸೆರಿ ನ್ವಾರ್' ಎಂಬ ಪತ್ತೇದಾರಿ ಕಾದಂಬರಿ ಮಾಲೆ ಶುರುಮಾಡಿತ್ತು. ಅದಕ್ಕೂ ಮುಂಚೆ, 1930ರ ದಶಕದ ಕೊನೆಗೆ, ಫ್ರೆಂಚ್ ಪತ್ರಿಕೆಗಳು ತಮ್ಮದೇ ದೇಶದ ಮಂಕು ಚಿತ್ರಗಳನ್ನು ಬೈಯಲು ಇದೇ ಪದ ಬಳಸಿದ್ದೂ ಉಂಟು. ಬೈಗುಳ ಬಿರುದಾಗಲು ಹತ್ತು ವರ್ಷವೂ ಬೇಕಾಗಲಿಲ್ಲ. ಇಂಗ್ಲಿಷ್ ಜಗತ್ತಿನಲ್ಲಿ ಅದು ಬೇರುಬಿಡಲು ಮಾತ್ರ 1970ರ ದಶಕ ಬರಬೇಕಾಯಿತು.

ಹಾಗಾಗಿ ನನಗೆ ನ್ವಾರ್ ಎಂಬುದು ಚಿತ್ರ ತೆಗೆಯುವವರ ಪದಕ್ಕಿಂತ ಚಿತ್ರ ನೋಡುವವರ ಪದ. ಶನಿವಾರ ರಾತ್ರಿ ಮನೆಯಲ್ಲಿ ಕೂತು ಒಂದರ ಬೆನ್ನಿಗೆ ಇನ್ನೊಂದು ಹಳೆಯ ಚಿತ್ರ ಹಾಕಿಕೊಳ್ಳುವವರು ಆ ಪ್ಯಾರಿಸ್ಸಿಗರ ಬಳಗದವರೇ.

ಆ ಸಾಲಿನಲ್ಲಿ ಪತ್ತೇದಾರಿಯ ಪಕ್ಕದಲ್ಲಿ ದೆವ್ವದ ಸಿನಿಮಾ ಇಟ್ಟರೆ ಮೂಗು ಮುರಿಯುವವರಿದ್ದಾರೆ. ಅವರಿಗೆ ಹೇಳಬೇಕಾದ್ದು: ಈ ಪದವನ್ನು ಮೊದಲು ಹೊಂದಿದ್ದು ದೆವ್ವಗಳೇ. ಆನ್ ರ‍್ಯಾಡ್‌ಕ್ಲಿಫ್‌ಳಂಥ ಇಂಗ್ಲಿಷ್ ಲೇಖಕರ ಹಾಳುಕೋಟೆ, ಗುಪ್ತದ್ವಾರಗಳ ಗಾಥಿಕ್ ಕಾದಂಬರಿಗಳನ್ನು ಫ್ರೆಂಚರು 'ರೊಮಾನ್ ನ್ವಾರ್' ಎನ್ನುತ್ತಿದ್ದರು. ಅದೇ ಹೆಸರನ್ನು ಮುಂದೆ ಕೊಲೆಗಾರರ ಕತೆಗಳೂ ಪಡೆದವು.

ಪರದೆಯ ಮೇಲೂ ಈ ನೆಂಟಸ್ತಿಕೆ ಇದೆ, ಕೈಗೆ ಸಿಗುವಷ್ಟು ಹತ್ತಿರದ್ದು. 1942ರ 'ಕ್ಯಾಟ್ ಪೀಪಲ್' ಚಿತ್ರದಲ್ಲಿ ಹೆಂಗಸೊಬ್ಬಳು ನೆಲಮಾಳಿಗೆಯ ಈಜುಕೊಳದಲ್ಲಿ ಒಂಟಿ. ನೀರಿನ ಬೆಳಕು ಗೋಡೆ, ಛಾವಣಿಗಳ ಮೇಲೆ ಅಲೆಯುತ್ತದೆ, ಎಲ್ಲೋ ಗುರುಗುಟ್ಟಿದ ಸದ್ದು, ಒಂದು ನೆರಳು. ಆ ದೃಶ್ಯದಲ್ಲಿ ಮೃಗ ಕಾಣುವುದೇ ಇಲ್ಲ. ನಿರ್ಮಾಪಕ ವ್ಯಾಲ್ ಲೂಟನ್ ಬಳಿ ದುಡ್ಡು ಕಡಿಮೆಯಿತ್ತು. ಮೆಟ್ಟಿಲ ಸೆಟ್ಟೊಂದನ್ನು ಆರ್ಸನ್ ವೆಲ್ಸ್‌ನ ಹಿಂದಿನ ಚಿತ್ರದಿಂದ ಎತ್ತಿಕೊಂಡದ್ದು. ಕತ್ತಲಲ್ಲಿ ಬಡತನ ಕಾಣುವುದಿಲ್ಲವಲ್ಲ! ಇದರ ನಿರ್ದೇಶಕ ಜಾಕ್ ಟೂರ್ನರ್, ಛಾಯಾಗ್ರಾಹಕ ನಿಕೋಲಸ್ ಮ್ಯೂಸುರಾಕಾ. ಇವರಿಬ್ಬರೇ ಐದು ವರ್ಷದ ನಂತರ 'ಔಟ್ ಆಫ್ ದ ಪಾಸ್ಟ್' ತೆಗೆದರು. ನ್ವಾರ್ ಎಂದರೇನು ಎಂದು ಕೇಳಿದವರಿಗೆಲ್ಲ ಮೊದಲು ತೋರಿಸುವ ಚಿತ್ರ ಅದು. ಕ್ಯಾಮೆರಾ ಅದೇ, ಕಣ್ಣೂ ಅದೇ. ಮೃಗದ ಜಾಗಕ್ಕೆ ಒಬ್ಬಾತನ ಹಳೆಯ ಬದುಕು ಬಂದು ಕೂತಿತು. ಎಡ್ಗರ್ ಉಲ್ಮರ್ 1934ರಲ್ಲಿ ಭಯದ ಚಿತ್ರ 'ದ ಬ್ಲ್ಯಾಕ್ ಕ್ಯಾಟ್', 1945ರಲ್ಲಿ ನ್ವಾರ್ ಚಿತ್ರ 'ಡೀಟೂರ್' ಮಾಡಿದ್ದೂ ಇದೇ ದಾರಿಯಲ್ಲಿ.

ನಮ್ಮ ಕಡೆ ಇದಕ್ಕೆ ನಿಜವಾದ ಕೊಂಡಿ ಇರುವುದು ಮುಂಬೈ ಮೂಲಕ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ 1951ರಲ್ಲಿ 'ಬಾಜಿ' ನಿರ್ದೇಶಿಸಿದರು. ಅವರ ನಿರ್ಮಾಣದ 'ಸಿ.ಐ.ಡಿ.' (1956) ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಅದೂ ಕೊಲೆ, ರಾತ್ರಿ, ನೆರಳುಗಳ ಲೋಕವೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಮೂರ್ತಿ. 'ಬಾಂಬೆ ನ್ವಾರ್' ಎಂದು ಆ ಚಿತ್ರಗಳನ್ನು ಈಗ ವಿಮರ್ಶಕರು ಕರೆಯುತ್ತಾರೆ. ಇಲ್ಲೂ ಹೆಸರು ಕೆಲಸದ ಹಿಂದೆ ನಿಧಾನವಾಗಿ ನಡೆದುಬಂತು.

ಬಂದ ಮೇಲೆ ಮಾತ್ರ ಅದಕ್ಕೆ ಲಗಾಮಿಲ್ಲ. ನಿಯೋ ನ್ವಾರ್, ಟೆಕ್ ನ್ವಾರ್, ನಾರ್ಡಿಕ್ ನ್ವಾರ್. ಹಗಲು ಬಿಸಿಲಿನಲ್ಲಿ ನಡೆಯುವ, ಎಲ್ಲರೂ ಕಪ್ಪು ಕನ್ನಡಕ ಹಾಕಿದ ಧಾರಾವಾಹಿಗೂ ಇದೇ ಬಿಲ್ಲೆ. ನನ್ನ ಅಳತೆ ಸರಳ: ಚಿತ್ರದಲ್ಲಿ ಕಪ್ಪು ಏನಾದರೂ ಕೆಲಸ ಮಾಡುತ್ತಿದೆಯೇ? 'ಡಬಲ್ ಇಂಡೆಮ್ನಿಟಿ'ಯಲ್ಲಿ ಕಿಟಕಿಯ ಪಟ್ಟಿಪಟ್ಟಿ ಪರದೆಯಿಂದ ಇಳಿದ ನೆರಳು ನಾಯಕನ ಕೋಟಿನ ಮೇಲೆ ಜೈಲಿನ ಸರಳುಗಳಂತೆ ಬೀಳುತ್ತದೆ, ಅವನಿನ್ನೂ ಯಾವ ತಪ್ಪೂ ಮಾಡಿರುವುದಿಲ್ಲ. ಅದು ಕೆಲಸ.

ಮನೆಯಲ್ಲಿ ಈ ಕೆಲಸಕ್ಕೆ ಮೊದಲ ಶತ್ರು ಟ್ಯೂಬ್‌ಲೈಟ್. ಅದು ಉರಿಯುತ್ತಿದ್ದರೆ ಪರದೆಯ ಕತ್ತಲಲ್ಲಿ ಕಾಣುವುದು ನಮ್ಮದೇ ಸೋಫಾ. ಎರಡನೆಯದು ಟಿವಿ. ಸಾಮಾನ್ಯ ಎಲ್‌ಸಿಡಿ ಪರದೆಯ ಹಿಂದೆ ದೀಪ ಸದಾ ಉರಿಯುವುದರಿಂದ ಕಪ್ಪು ಬೂದು ಬಣ್ಣವಾಗುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನಾಗಿ ಆರಬಲ್ಲದು, ಆದರೆ ಬೆಲೆ ಕೇಳಿದರೆ ಕತ್ತಲು ನಮ್ಮ ಕಣ್ಣಿಗೇ ಬರುತ್ತದೆ. ಬ್ರೈಟ್‌ನೆಸ್ ತುಸು ಇಳಿಸಿ, ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಿದರೆ ಅರ್ಧ ಗೆದ್ದಂತೆ. ಆ ನುಣುಪು ನ್ವಾರ್ ನಟ ಹಂಫ್ರಿ ಬೋಗಾರ್ಟ್‌ನನ್ನೂ ಸಂಜೆ ಧಾರಾವಾಹಿಯ ಭಾವನಂತೆ ಕಾಣಿಸಿಬಿಡುತ್ತದೆ.

ಇನ್ನು ಬಣ್ಣ ಬಳಿದ ಪ್ರತಿಗಳು. ನಿರ್ದೇಶಕ ಜಾನ್ ಹ್ಯೂಸ್ಟನ್‌ನ 1950ರ ಚಿತ್ರ 'ದ ಅಸ್ಫಾಲ್ಟ್ ಜಂಗಲ್'ಗೆ ಬಣ್ಣ ಹಚ್ಚಿ ಫ್ರೆಂಚ್ ಟಿವಿಯಲ್ಲಿ ತೋರಿಸಲು ಹೊರಟಾಗ ಅವನ ಮಕ್ಕಳು ಕೋರ್ಟಿಗೆ ಹೋದರು. ಅಮೆರಿಕದ ಕಾಯಿದೆಯಲ್ಲಿ ಹಕ್ಕು ಚಿತ್ರ ನಿರ್ಮಿಸಿದ ಕಂಪನಿಯದ್ದು. ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ, ಕೃತಿ ಕೆಡದಂತೆ ಕಾಯುವ ಹಕ್ಕು ಕರ್ತೃವಿನದ್ದೇ ಎಂದು ಅವರ ಪರ ನಿಂತಿತು. ಕಪ್ಪೆಂದು ಹೆಸರಿಟ್ಟ ದೇಶವೇ ಕಪ್ಪನ್ನು ಕಾಪಾಡಿತು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಬೇರೆ ಪ್ರತಿ ಸಿಗದೆ ಬಣ್ಣದ್ದೇ ಸಿಕ್ಕರೆ, ರಿಮೋಟ್ ಹಿಡಿದು ಪಿಕ್ಚರ್ ಸೆಟ್ಟಿಂಗಿಗೆ ಹೋಗಿ, ಕಲರ್ ಎಂದಿರುವಲ್ಲಿ ಸೊನ್ನೆಗೆ ಇಳಿಸಿದರಾಯಿತು.